ನಿದ್ದೆಗೆ ಸಾಕ್ಷಿ

ಬೆಳಗ್ಗೆ ಹಾಲು ತರಲು ಮಹಡಿ ಇಳಿದು ಬರುವಾಗ ಅವರ ಎರಡೂ ಕೆನ್ನೆಗಳ ಮೇಲೆ, ಮೂಗಿನ ಬುಡದಿಂದ ಕಿವಿಯವರೆಗೆ, ಪಟ್ಟಿ ಒತ್ತಿದ ಕೆಂಪು ಗೆರೆಗಳಿರುತ್ತಿದ್ದವು. ಮಲಗುವಾಗ ಕಟ್ಟಿಕೊಳ್ಳುತ್ತಿದ್ದ ಗಾಳಿಯ ಮಾಸ್ಕಿನ ಗುರುತು ಅದು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುವ ಕಾಯಿಲೆ ಅವರಿಗೆ. ಜೋಗುಪಾಳ್ಯದಲ್ಲಿ ಮೇಲಿನ ಮನೆ ಅವರದು, ಕೆಳಗಿನದು ನಮ್ಮದು. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾದವರು. ಬೀದಿಗೆಲ್ಲ ಅವರು ಹವಾಲ್ದಾರ್ ಮಾಮ.

ಚಪ್ಪಲಿಗೂ ಪಾಲಿಶ್ ಹಾಕುವ ಮನುಷ್ಯ, ಮಾತಿನ ನಡುವೆಯೇ ತೂಕಡಿಸಿಬಿಡುತ್ತಿದ್ದರು. ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತ್ತು. ಕುರ್ಚಿಯಲ್ಲಿ ನಿದ್ದೆಹೋದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದರು, ಕೆಲಸ ಹೋಯಿತು. ಮಾಮ ಆ ಯೂನಿಫಾರ್ಮನ್ನು ತಾವೇ ಒಗೆದು, ಇಸ್ತ್ರಿ ಮಾಡಿ ಹಿಂತಿರುಗಿಸಿ ಬಂದರು.

ನಿವೃತ್ತಿಯ ಹೊತ್ತಿಗೆ ಸೈನ್ಯದ ವೈದ್ಯರ ಮಂಡಳಿ, ಇದು ದಪ್ಪಗಾದದ್ದರಿಂದ ಬಂದ ಕಾಯಿಲೆ, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದಿತ್ತು. ಹಾಗಾಗಿ ಅಂಗವೈಕಲ್ಯದ ಪಿಂಚಣಿ ಸಿಗಲಿಲ್ಲ. ಪಿಂಚಣಿಗಿಂತ ಆ ಮಾತೇ ಅವರನ್ನು ಹೆಚ್ಚು ಚುಚ್ಚಿತ್ತು. ಹಿಮದ ಗಡಿಯಲ್ಲಿದ್ದಾಗಲೇ ಹಗಲೆಲ್ಲ ಮಂಪರು ಶುರುವಾಗಿತ್ತು. ಆದರೆ ಅಲ್ಲಿ ಒಮ್ಮೆಯೂ ಡಾಕ್ಟರ ಹತ್ತಿರ ಹೋಗಿರಲಿಲ್ಲ.

“ಆಗ ಹೇಳಿದ್ರೆ ಅನ್‌ಫಿಟ್ ಅಂತ ಕೆಳಗೆ ಕಳಿಸ್ತಿದ್ರು, ಪ್ರಮೋಷನ್ನೂ ಹೋಗ್ತಿತ್ತು. ಈಗ ಹೇಳಿದ್ರೆ, ಆಗ್ಯಾಕೆ ಹೇಳ್ಲಿಲ್ಲ ಅಂತಾರಮ್ಮ,” ಎನ್ನುತ್ತಿದ್ದರು.

ಅಲ್ಲಿ ಅವರ ಪಕ್ಕದಲ್ಲೇ ಮಲಗುತ್ತಿದ್ದ ಜೊತೆಗಾರನೊಬ್ಬ ಕೆ.ಆರ್. ಪುರದಲ್ಲಿದ್ದ. ಪಿಂಚಣಿಯ ಮೇಲ್ಮನವಿಗೆ ಅವನ ಸಾಕ್ಷಿ ಕೇಳಲು ನನ್ನ ಗಂಡನ ಟ್ಯಾಕ್ಸಿಯಲ್ಲಿ ಮೂವರೂ ಹೋದೆವು. ಮಾಮನನ್ನು ಕಂಡವನೇ “ಉಸ್ತಾದ್!” ಎಂದು ಎದ್ದು ನಿಂತ. ಬಂದ ವಿಷಯ ಕೇಳಿ ತಲೆ ತಗ್ಗಿಸಿದ.

“ನಿಮ್ ಗೊರಕೆ ನಿಂತ್ರೆ ನಂಗೆ ಭಯ ಆಗ್ತಿತ್ತು. ಕಾಲಲ್ಲಿ ಒದೀತಿದ್ದೆ. ಮತ್ತೆ ಉಸಿರು ಬಿಡ್ತಿದ್ರಿ. ಸೀನಿಯರ್‌ನ ಒದ್ದೆ ಅಂತ ಹೆಂಗ್ ಹೇಳ್ಲಿ, ಸುಮ್ನಿದ್ಬಿಟ್ಟೆ.”

ಮಾಮನಿಗೆ ಅದು ಅಂದೇ ತಿಳಿದದ್ದು. “ಪಕ್ಕೆ ನೋವು ಲಾರಿ ಓಡಿಸಿದ್ದಕ್ಕೆ ಅಂದ್ಕೊಂಡಿದ್ನಲ್ಲೋ!” ಎಂದು ಅವನನ್ನು ತಬ್ಬಿಕೊಂಡರು. ಅವರು ಮನಸಾರೆ ನಕ್ಕದ್ದನ್ನು ನಾನು ಕಂಡದ್ದು ಆವತ್ತೊಂದೇ ಸಲ.

ಮೇಲ್ಮನವಿಯ ವಿಚಾರಣೆಗೆ ಮುಂಚೆ ವಕೀಲರು, ಇಂಥ ವರ್ಷ ಉಸಿರುಕಟ್ಟಿ ಎದ್ದದ್ದು ಚೆನ್ನಾಗಿ ನೆನಪಿದೆ ಎನ್ನಿ ಎಂದು ಹೇಳಿಕೊಟ್ಟಿದ್ದರು. ವಿಚಾರಣೆಯಲ್ಲಿ ಯಾವಾಗ ಶುರುವಾಯಿತು ಎಂದು ಕೇಳಿದಾಗ ಮಾಮ ನೆಟ್ಟಗೆ ನಿಂತು, “ಗೊತ್ತಿಲ್ಲ ಸಾರ್, ನಾನು ನಿದ್ದೇಲಿದ್ದೆ. ನೋಡಿದ್ದು ಇವನು,” ಎಂದರು. ಜೊತೆಗಾರ ಒದ್ದದ್ದನ್ನೆಲ್ಲ ಒಪ್ಪಿಕೊಂಡು ಹೇಳಿದ. ಅಷ್ಟಾದರೂ, ಆಸ್ಪತ್ರೆಯ ದಾಖಲೆಯಿಲ್ಲದೆ ಗೆಳೆಯನ ಮಾತೊಂದೇ ಸಾಲದು ಎಂದು ಅರ್ಜಿ ವಜಾ ಆಯಿತು.

“ವಕೀಲ್ರು ಹೇಳ್ದಂಗೆ ಹೇಳ್ಬೋದಿತ್ತಲ್ಲ ಮಾಮ,” ಎಂದೆ ದಾರಿಯಲ್ಲಿ.

“ನಿಜವಾಗ್ಲೂ ಬಂದಿರೋ ಕಾಯಿಲೇನ ಸುಳ್ಳು ಹೇಳಿ ಸಾಬೀತು ಮಾಡ್ಬೇಕೇನಮ್ಮ?” ಎಂದರು.

ಅದಾದ ಮೇಲೆ ಅವರು ಯಾರ ಮನೆಗೂ ಹೋಗುತ್ತಿರಲಿಲ್ಲ. ಒಂದು ದಿನ ಮಾತ್ರ ತಾವಾಗಿಯೇ ನಮ್ಮ ಬಾಗಿಲಿಗೆ ಬಂದರು. ರಾತ್ರಿ ಏರ್‌ಪೋರ್ಟ್ ಬಾಡಿಗೆ ಮುಗಿಸಿ ಮಧ್ಯಾಹ್ನ ಮಲಗುತ್ತಿದ್ದ ನನ್ನ ಗಂಡನಿಗೆ, “ನಿನ್ ಗೊರಕೆ ಮೇಲಕ್ಕೆ ಕೇಳ್ಸತ್ತಪ್ಪಾ. ನಡುನಡುವೆ ನಿಂತೋಗತ್ತೆ. ಡಾಕ್ಟ್ರಿಗೆ ತೋರ್ಸು. ನನ್ ಥರ ಮುಚ್ಚಿಡ್ಬೇಡ,” ಎಂದರು. ಇವರು ನಕ್ಕುಬಿಟ್ಟರು. ಮಾರನೆಯ ಬೆಳಗ್ಗೆ ನೋಡಿದರೆ ಮಾಮ ಶರ್ಟು ಇನ್‌ ಮಾಡಿಕೊಂಡು ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಕೂತಿದ್ದರು. “ನಡಿ, ನಾನೂ ಬರ್ತೀನಿ.” ಪರೀಕ್ಷೆಯಲ್ಲಿ ಅದೇ ಕಾಯಿಲೆ ಎಂದು ಗೊತ್ತಾಯಿತು. ಚಿಕಿತ್ಸೆ ಶುರುವಾದ ಮೇಲೆ, ಸ್ಟೀರಿಂಗ್ ಹಿಡಿದಿದ್ದಾಗಲೇ ಎಷ್ಟು ಸಲ ಕಣ್ಣು ಮುಚ್ಚಿಹೋಗಿತ್ತೆಂದು ಇವರು ನನ್ನ ಹತ್ತಿರ ಬಾಯಿಬಿಟ್ಟರು.

ಈ ಬೇಸಿಗೆಯಲ್ಲಿ, ಊಟ ಮಾಡಿ ಗೋಡೆಗೆ ಒರಗಿ ಕೂತ ಮಾಮ ಏಳಲಿಲ್ಲ. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕಲ್ಪಳ್ಳಿಯ ಸ್ಮಶಾನದವರೆಗೆ ಕೆ.ಆರ್. ಪುರದ ಜೊತೆಗಾರನೂ ನನ್ನ ಗಂಡನೂ ಹೆಗಲು ಕೊಟ್ಟರು. ಸಂಜೆ ಸ್ನಾನ ಮಾಡಿ ಬಂದು ನನ್ನ ಪಕ್ಕ ಕೂತ ಇವರು, “ಅವ್ರಿಲ್ದಿದ್ರೆ ನಾನು ಯಾವತ್ತೋ ರಸ್ತೇಲಿ ಹೋಗ್ಬಿಟ್ಟಿರ್ತಿದ್ದೆ ಕಣೇ,” ಎಂದರು. ಆ ಮಾತು ಬಹಳ ದಿನದಿಂದ ನನ್ನೊಳಗೂ ಇತ್ತು. ಇವರ ಕೈ ಹಿಡಿದುಕೊಂಡೆ.