ಅಕ್ಕನ ಬೈಗುಳಕ್ಕೆ ಆರು ಜಿಬಿ

ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಇವರನ್ನು ಬೀದಿಯವರು ಸ್ಕ್ರೂ ಮಾವ ಎನ್ನುತ್ತಾರೆ. ಯಂತ್ರ ಬಿಚ್ಚುವ ಮುಂಚೆ ಅವರು ಬಿಳಿ ಹಾಳೆಯ ಮೇಲೆ ಅದರ ಬೆನ್ನಿನ ಚಿತ್ರ ಬರೆಯುತ್ತಾರೆ. ತೆಗೆದ ಒಂದೊಂದು ಸ್ಕ್ರೂವನ್ನೂ ಚಿತ್ರದಲ್ಲಿ ಅದರದೇ ಜಾಗಕ್ಕೆ ಟೇಪು ಹಾಕಿ ಅಂಟಿಸುತ್ತಾರೆ. ಕೆಲಸ ಮುಗಿದ ಮೇಲೆ ಸ್ಕ್ರೂ ಯಂತ್ರಕ್ಕೆ, ಹಾಳೆ ಫೈಲಿಗೆ. ಇಪ್ಪತ್ತು ವರ್ಷದ ಹಾಳೆಗಳು ಕಪಾಟಿನಲ್ಲಿವೆ. ಗಿರಾಕಿಗಳಿಗೆ ಸದಾ ಒಂದೇ ಗದರಿಕೆ: "ಯಂತ್ರದ ಹೊಟ್ಟೆ ಎಷ್ಟು ಅಂತ ನೋಡ್ದೆ ಮೆಮೊರಿ ತರ್ತೀರಲ್ಲ, ನಿಮಗೆ ಏನ್ ಹೇಳೋದು!"

ಅದೇ ತಪ್ಪನ್ನು ಅವರೇ ಮಾಡಿದ ದಿನ ನಾನು ಅಂಗಡಿಯ ಬೆಂಚಿನ ಮೇಲಿದ್ದೆ. ನನ್ನ ಲ್ಯಾಪ್‌ಟಾಪಿಗೆ ಹೊಸ ಕೀಲಿಮಣೆ ಕೂರಿಸುತ್ತಿದ್ದರು. ಅವರ ಭಾವ, ಅಂದರೆ ಅಕ್ಕನ ಗಂಡ, ಕಂಕುಳಲ್ಲಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಬಂದರು.

"ಮನೇಲಿ ಜಗಳ ನಿಂತೇ ಹೋಗಿದೆ ಕಣಯ್ಯ. ನನ್ನ ಕೈಲಿ ತಡ್ಕೊಳ್ಳೋಕೆ ಆಗ್ತಿಲ್ಲ."

"ಜಗಳ ಇಲ್ಲ ಅಂತ ದೂರು ಕೊಡೋರನ್ನ ಈಗಲೇ ನೋಡಿದ್ದು, ಭಾವ."

"ನಗಬೇಡ. ಹತ್ತು ದಿನ ಆಯ್ತು ನಿಮ್ಮಕ್ಕ ಇದನ್ನ ತೆರೆದು. ಬರೀ ಕೈಸನ್ನೆ."

ಅಕ್ಕ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ತಾಯಿ ಹೋದ ಮೇಲೆ ಈ ತಮ್ಮನನ್ನು ಬೈದು ಬೈದೇ ಬೆಳೆಸಿದವರು. ಏಳು ವರ್ಷದ ಹಿಂದೆ ಗಂಟಲಿನ ಆಪರೇಷನ್ನಿನಲ್ಲಿ ಅವರ ದನಿ ಹೋಯಿತು. ಅದಕ್ಕೆ ಮೊದಲು ಒಂದು ತಿಂಗಳು ಕೂತು ಸಾವಿರಾರು ವಾಕ್ಯ ಓದಿ ರೆಕಾರ್ಡ್ ಮಾಡಿ ಕೊಟ್ಟಿದ್ದರು. ಒಂದು ಸಣ್ಣ ಕಂಪನಿ ಅದರಿಂದ ಅವರದೇ ದನಿಯ ಸಾಫ್ಟ್‌ವೇರ್ ಮಾಡಿ ಈ ಲ್ಯಾಪ್‌ಟಾಪಿಗೆ ಹಾಕಿತ್ತು. ಟೈಪ್ ಮಾಡಿದರೆ ಯಂತ್ರ ಅಕ್ಕನಂತೆಯೇ ಮಾತಾಡುತ್ತದೆ. ಕಂಪನಿ ಈಗ ಇಲ್ಲ. ಸಾಫ್ಟ್‌ವೇರ್ ಬೇರೆ ಯಂತ್ರಕ್ಕೆ ಹೋಗುವುದಿಲ್ಲ. ಸಿದ್ಧ ದನಿಗಳು ಬೇಕಾದಷ್ಟು ಸಿಗುತ್ತವೆ, ಆದರೆ "ಯಾವಳದೋ ದನೀಲಿ ನನ್ನ ಗಂಡನ್ನ ಬೈಯೋದಾ?" ಎಂದು ಅಕ್ಕ ಚೀಟಿ ಬರೆದು ಕೊಟ್ಟಿದ್ದರಂತೆ.

ಈಚೆಗೆ ಯಂತ್ರ ನಿಧಾನವಾಗಿತ್ತು. ಟೈಪ್ ಮಾಡಿ ಅರ್ಧ ನಿಮಿಷದ ಮೇಲೆ ದನಿ. ಅಷ್ಟರಲ್ಲಿ ಭಾವ ಎದ್ದು ಹೋಗಿರುತ್ತಿದ್ದರು, ಬೈಗುಳ ಖಾಲಿ ಕುರ್ಚಿಗೆ ಬೀಳುತ್ತಿತ್ತು.

"ಅಡುಗೆಮನೆ ಕಟ್ಟೆ ಚಿಕ್ಕದು, ಪಾತ್ರೆ ಜಾಸ್ತಿ ಅಂದ್ಕೊಳ್ಳಿ," ಎಂದರು ಸ್ಕ್ರೂ ಮಾವ. "ಒಂದನ್ನ ಇಡೋಕೆ ಇನ್ನೊಂದನ್ನ ನೆಲಕ್ಕಿಳಿಸ್ಬೇಕು. ಮೆಮೊರಿ ಹಾಕಿದ್ರೆ ಕಟ್ಟೆ ಅಗಲ ಆಗತ್ತೆ. ಅಕ್ಕನ್ನ ಕರ್ಕೊಂಡು ಬನ್ನಿ, ಒಂದು ಗಂಟೇಲಿ ಮಾತಾಡಿಸ್ತೀನಿ."

ಭಾವ ಹೊರಟರು. ಇವರು ಎದುರಿನ ಅಂಗಡಿಗೆ ಹೋಗಿ ಎಂಟು ಜಿಬಿಯ ಮೆಮೊರಿ ತಂದರು. ಹಾಳೆ ತೆಗೆಯಲಿಲ್ಲ, ಚಿತ್ರ ಬರೆಯಲಿಲ್ಲ. ಸ್ಕ್ರೂಗಳನ್ನು ಬಟ್ಟಲಿಗೆ ಸುರಿದರು. ಅಕ್ಕನಿಗೆ ದೊಡ್ಡದೇ ಇರಲಿ ಎಂಬ ಆಸೆ. ಆಸೆಗೆ ಅಳತೆ ನೋಡುವ ತಾಳ್ಮೆ ಇರುವುದಿಲ್ಲ.

ಗುಂಡಿ ಒತ್ತಿದರು. ಫ್ಯಾನ್ ತಿರುಗಿತು, ಪರದೆ ಕಪ್ಪು. ಮೆಮೊರಿ ತೆಗೆದು ಒತ್ತಿದರು. ಆಗಲೂ ಕಪ್ಪು. ಮೂರನೇ ಸಲವೂ ಅಷ್ಟೇ.

"ಸತ್ತೋಯ್ತಾ?" ಎಂದು ಯಂತ್ರವನ್ನೇ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಇದರಲ್ಲಿ ನಮ್ಮಕ್ಕ ಇದಾಳೆ," ಎಂದರು.

ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ. "ಈ ಯಂತ್ರವನ್ನು ಮುಂಚೆ ಬಿಚ್ಚಿದ್ದೀರಾ?" ಎಂದು ಕೇಳಿದೆ.

ಬಿಚ್ಚಿದ್ದರು. ಕಪಾಟಿನ ಮೂರನೇ ಫೈಲಿನಲ್ಲಿ ಹಾಳೆ ಸಿಕ್ಕಿತು, ಟೇಪಿನ ಹಳದಿ ಕಲೆಗಳ ನಡುವೆ ಅವರದೇ ಅಕ್ಷರ: "ಬೋರ್ಡಿಗೆ ಬೆಸೆದಿದ್ದು ಎರಡು ಜಿಬಿ. ಖಾಲಿ ಸ್ಲಾಟಿಗೆ ನಾಲ್ಕರ ಮೇಲೆ ಹಾಕಬೇಡ, ಒಪ್ಪಲ್ಲ. ಮುನಿಸಿಕೊಂಡರೆ ಬ್ಯಾಟರಿ ಬಿಚ್ಚಿ ಹತ್ತು ನಿಮಿಷ ಬಿಡು."

ಎರಡು ಸಲ ಓದಿದರು. ತಮ್ಮ ಕೆನ್ನೆಗೆ ತಾವೇ ಮೆಲ್ಲಗೆ ಹೊಡೆದುಕೊಂಡರು. ಬ್ಯಾಟರಿ ಬಿಚ್ಚಿಟ್ಟು, ಹಳೆಯ ಬಿಡಿಭಾಗಗಳ ಡಬ್ಬಿಯಲ್ಲಿ ನಾಲ್ಕು ಜಿಬಿಯದೊಂದನ್ನು ಹುಡುಕಿ, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದರು. ಹತ್ತು ನಿಮಿಷ ಗೋಡೆ ಗಡಿಯಾರ ನೋಡುತ್ತ ನಿಂತೇ ಇದ್ದರು. ಮೆಮೊರಿ ಕೂರಿಸಿ, ಬ್ಯಾಟರಿ ಸೇರಿಸಿ ಗುಂಡಿ ಒತ್ತಿದಾಗ ಪರದೆ ಬೆಳಗಿತು. ಅವರು ಕನ್ನಡಕ ತೆಗೆದು ಒರೆಸಿದರು. ಅದರಲ್ಲಿ ಧೂಳೇನೂ ಇರಲಿಲ್ಲ.

ಭಾವನ ಜೊತೆ ಅಕ್ಕ ಬಂದರು. ತೆಳ್ಳಗೆ, ನೆಟ್ಟಗೆ, ಕತ್ತಿಗೆ ಸುತ್ತಿದ ಹತ್ತಿ ಬಟ್ಟೆ. ಸ್ಕ್ರೂ ಮಾವ ನಡೆದದ್ದನ್ನೆಲ್ಲ ಒಪ್ಪಿಸಿದರು. "ಹೊಸ ಯಂತ್ರದಷ್ಟು ಚುರುಕಾಗಲ್ಲ ಅಕ್ಕ. ಮೂರು ನಾಲ್ಕು ಸೆಕೆಂಡು ಕಾಯ್ಬೇಕು. ಇದರ ಶಕ್ತಿ ಇಷ್ಟೇ, ಮುಂದಕ್ಕೆ ದಾರಿ ಇಲ್ಲ."

ಅಕ್ಕ ಟೈಪ್ ಮಾಡಿದರು. ಭಾವ ಅಭ್ಯಾಸಬಲದಿಂದ ಎದ್ದು ಬಾಗಿಲ ಕಡೆ ಹೊರಟಿದ್ದರು. ಒಂದು, ಎರಡು, ಮೂರು.

"ಕೂತ್ಕೊಳ್ರೀ, ಇನ್ನೂ ಶುರುನೇ ಆಗಿಲ್ಲ."

ಸ್ವಲ್ಪ ಒರಟಾದ, ಕ್ಲಾಸಿನ ಕೊನೆಯ ಬೆಂಚಿಗೂ ಮುಟ್ಟುವ ದನಿ. ಭಾವ ಮುಖ ಅರಳಿಸಿ ತಟ್ಟನೆ ನನ್ನ ಪಕ್ಕ ಕೂತರು. ಅವರಿಗೆ ಇಷ್ಟೊಂದು ಖುಷಿಯಾಗಲು ಕಾರಣವೇನೂ ಆ ವಾಕ್ಯದಲ್ಲಿರಲಿಲ್ಲ.

ಅಕ್ಕ ತಮ್ಮನ ಕಡೆ ನೋಡಿ ಮತ್ತೆ ಟೈಪ್ ಮಾಡಿದರು. ಮೂವರೂ ಕಾದೆವು.

"ಊರಿಗೆಲ್ಲ ಬುದ್ಧಿ ಹೇಳ್ತೀಯ, ನಿನ್ನ ಹಾಳೆ ನೀನೇ ನೋಡ್ಕೊಳ್ಳೋಕೆ ಏನಾಗಿತ್ತೋ, ದಡ್ಡ?"

ಸ್ಕ್ರೂ ಮಾವ ಸ್ಪೀಕರಿಗೆ ಕಿವಿಯೊಡ್ಡಿ ಬಗ್ಗಿದ್ದರು.

"ಸರಿಯಾಗಿ ಕೇಳಿಸ್ಲಿಲ್ಲ ಅಕ್ಕ," ಎಂದರು. "ಇನ್ನೊಂದ್ಸಲ ಬೈಯಿ. ಪರೀಕ್ಷೆ ಮಾಡ್ಬೇಕು."