ಸಕ್ಕರೆ ನೀರಿಗೂ ಹೊತ್ತಿದ ಬಲ್ಬು

ಮೊನ್ನೆ ಇನ್ವರ್ಟರ್ ಬ್ಯಾಟರಿಗೆ ನೀರು ತುಂಬಲು ಬಂದವನನ್ನು, "ಡಿಸ್ಟಿಲ್ಡ್ ವಾಟರೇ ತಾನೆ?" ಎಂದು ಮೂರು ಸಲ ಕೇಳಿದೆ. "ಬೇಕಾದ್ರೆ ಕುಡಿದು ನೋಡ್ರಿ ಮೇಡಂ," ಎಂದು ಕ್ಯಾನಿನ ಮುಚ್ಚಳ ತೆಗೆದ. ಆ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದದ್ದೇ ತಡ, ಜಗಳೂರಿನ ಹೈಸ್ಕೂಲು, ನಮ್ಮ ವಿಜ್ಞಾನದ ಟೀಚರ್...

ಎಂಬತ್ತರ ದಶಕದ ಕೊನೆ. ಟೀಚರ್ ಹೊನ್ನಾಳಿಯವರು, ಹೊಳೆ ನೀರು ಕುಡಿದು ಬೆಳೆದವರು. ನಮ್ಮ ಬೋರಿನ ನೀರು ಕುಡಿದು ಅವರು ಮುಖ ಕಿವುಚಿದರೆ ನಮಗೆ ನಗು. ಹುಟ್ಟಿದಾಗಿನಿಂದ ಕುಡಿದ ನೀರು ಉಪ್ಪಾಗಿದೆಯೆಂದು ನಮಗೇನು ಗೊತ್ತು?

ಅವರದು ತಾತ್ಕಾಲಿಕ ಕೆಲಸ. ಇನ್‌ಸ್ಪೆಕ್ಟರ್ ಪಾಠ ನೋಡಿ ಮೆಚ್ಚಿದರಷ್ಟೇ ಮುಂದಿನ ವರ್ಷವೂ ಇರುತ್ತಾರೆಂದು ಇಡೀ ಕ್ಲಾಸಿಗೆ ಗೊತ್ತಿತ್ತು. ಅವರು ಬಂದ ದಿನದ ಪಾಠ ಅಯಾನಿಕ ಬಂಧ ಮತ್ತು ಸಹವೇಲೆನ್ಸೀಯ ಬಂಧ. ಟೀಚರ್ ಬಸ್ ಡ್ರೈವರೊಬ್ಬರಿಂದ ಒಂದು ಬಾಟಲಿ ಬ್ಯಾಟರಿ ನೀರು, ಅದೇ ಡಿಸ್ಟಿಲ್ಡ್ ವಾಟರು, ತರಿಸಿದ್ದರು. ಹಳೇ ಸೆಲ್ಲು ಒಡೆದು ತೆಗೆದ ಎರಡು ಕಾರ್ಬನ್ ಕಡ್ಡಿ, ಪ್ಲಗ್ಗಿನ ವೈರು, ಒಂದು ಜೀರೋ ಬಲ್ಬು. ಒಂದು ಲೋಟದಲ್ಲಿ ಉಪ್ಪು, ಇನ್ನೊಂದರಲ್ಲಿ ಸಕ್ಕರೆ ಕರಗಿಸಿಡುವ ಕೆಲಸ ನನಗೆ. ಸಕ್ಕರೆ ಲೋಟಕ್ಕೆ ನೀರು ಸಾಲಲಿಲ್ಲ. ಕಡ್ಡಿ ಮುಳುಗದೆ ಟೀಚರ ಕೆಲಸವೇ ಹೋದೀತೆಂದು ಹೆದರಿ, ಮೂಲೆಯಲ್ಲಿದ್ದ ಕುಡಿಯುವ ನೀರಿನ ಮಡಕೆಯಿಂದ ತುಂಬಿಸಿಟ್ಟೆ.

"ಉಪ್ಪಿನಾಗೆ ಸೋಡಿಯಂ ತನ್ನ ಒಂದು ಎಲೆಕ್ಟ್ರಾನ್ ಕ್ಲೋರಿನ್‌ಗೆ ಕೊಟ್ಟೇಬಿಡ್ತೈತೆ. ಕೊಟ್ಟೋನು ಪ್ಲಸ್ಸು, ಇಸ್ಕೊಂಡೋನು ಮೈನಸ್ಸು. ನೀರಿಗೆ ಬಿದ್ರೆ ಬೇರೆ ಬೇರೆಯಾಗಿ ಓಡಾಡ್ತಾರೆ. ಅದಕ್ಕೇ ಕರೆಂಟು ಹರಿಯೋದು." ಟೀಚರ್ ಉಪ್ಪಿನ ಲೋಟಕ್ಕೆ ಕಡ್ಡಿ ಅದ್ದಿದರು, ಬಲ್ಬು ಝಗ್ಗನೆ ಹೊತ್ತಿತು. "ಸಕ್ಕರೆ ಹಂಗಲ್ಲ. ಎರಡು ಹೊಲದ ಬದುವಿನ ಮೇಲೆ ಬೇವಿನಮರ ಇರ್ತೈತಲ್ಲ, ಹಂಗೆ ಅಲ್ಲಿ ಎಲೆಕ್ಟ್ರಾನ್ ಇಬ್ಬರಿಗೂ ಸೇರಿದ್ದು. ನೀರಾಗೆ ಕರಗಿದ್ರೂ ಒಬ್ಬರನ್ನೊಬ್ಬರು ಬಿಡಲ್ಲ. ಬಲ್ಬು ಹತ್ತಲ್ಲ, ನೋಡ್ರಿ."

ಹತ್ತಿತು. ಮಂಕಾಗಿ, ಆದರೆ ಹತ್ತಿತು.

"ಏನ್ರೀ ಟೀಚರ್, ನಿಮ್ಮ ಸಕ್ಕರೆನೂ ಉಪ್ಪಾತೇನು?" ಎಂದರು ಇನ್‌ಸ್ಪೆಕ್ಟರ್. ಹುಡುಗರು ಕಿಸಕ್ಕೆಂದರು.

ಟೀಚರ್ ನನ್ನತ್ತ ಒಮ್ಮೆ ನೋಡಿದರು. ನಾನು ನೆಲ ನೋಡಿದೆ. ಅವರು ಮೂರನೇ ಲೋಟಕ್ಕೆ ಮಡಕೆಯ ಬರೀ ನೀರು ಹಾಕಿ ಕಡ್ಡಿ ಅದ್ದಿದರು. ಬಲ್ಬು ಮತ್ತೆ ಹೊತ್ತಿತು. "ಸಕ್ಕರೆದೇನೂ ತಪ್ಪಿಲ್ಲ ಸಾರ್. ಈ ಊರ ನೀರಾಗೇ ಉಪ್ಪೈತೆ. ನಾನು ನೋಡ್ಕೋಬೇಕಿತ್ತು, ನೋಡ್ಕಳಲಿಲ್ಲ." ಇನ್‌ಸ್ಪೆಕ್ಟರ್ ಏನೋ ಬರೆದುಕೊಂಡು ಹೋದರು.

ಜೂನ್‌ನಲ್ಲಿ ಬೇರೆ ಮೇಷ್ಟ್ರು ಬಂದರು. ಕಾರಣ ಯಾರೂ ಹೇಳಲಿಲ್ಲ. ನನ್ನಿಂದಲೇ ಎಂದು ಅವತ್ತೇ ತೀರ್ಮಾನಿಸಿದೆ. ಚಿಂತೆ ಮಾಡಲು ನನಗೆ ಸಾಕ್ಷಿ ಬೇಕಾಗುವುದಿಲ್ಲ. ಕ್ಷಮೆ ಕೇಳಿ ಕಾಗದ ಬರೆಯಬೇಕೆಂದುಕೊಂಡೆ... ವಿಳಾಸ ಹುಡುಕುವುದರಲ್ಲೇ ಮದುವೆ, ಮಕ್ಕಳು, ಕನ್ನಡಕ ಎಲ್ಲ ಬಂದವು.

ಈ ವಾರ ನ್ಯಾಮತಿಯ ಮದುವೆಮನೆಯಲ್ಲಿ, ಅವರ ಹತ್ತಿರ ಮನೆಪಾಠ ಕಲಿತವಳೊಬ್ಬಳು ಸಿಕ್ಕಳು. ಟೀಚರ್ ತೀರಿಕೊಂಡು ಎರಡು ವರ್ಷವಾಯಿತಂತೆ. ಉಪ್ಪು, ಸಕ್ಕರೆಯ ಜತೆ ಬರೀ ನೀರಿನದೂ ಒಂದು ಲೋಟ ಇಟ್ಟೇ ಈ ಪಾಠ ಹೇಳುತ್ತಿದ್ದರಂತೆ.

"ಇದನ್ನ ನಿಮಗೆ ಯಾರು ಕಲಿಸಿದ್ದು ಟೀಚರ್ ಅಂದ್ರೆ, ಜಗಳೂರಾಗೆ ಒಬ್ಬಳು ಹೆದರುಪುಕ್ಕಲಿ ಇದ್ದಳು ಕಣ್ರೇ, ಅವಳು ಅಂತಿದ್ರು," ಎಂದು ಅವಳು ನಕ್ಕಳು. "ಯಾರೋ ಏನೋ, ನಿಮಗೇನಾದ್ರೂ ಗೊತ್ತಾ?"

ಈ ಸಲ ನೆಲ ನೋಡಲಿಲ್ಲ. "ನಾನೇ," ಎಂದೆ. ಕೇಳಬೇಕಾದವರು ಮಾತ್ರ ಇರಲಿಲ್ಲ.