ಟವೆಲ್ಲಿನ ಕೆಳಗಿನ ಆ್ಯಪ್

ನಮ್ಮ ದೇಶಪಾಂಡೆ ನಗರದ ಓಣಿಯಲ್ಲಿ ಶಿವಯೋಗೀಶನಷ್ಟು ಸಂಶಯದ ಮನುಷ್ಯ ಇನ್ನೊಬ್ಬನಿಲ್ಲ. ಅವನು ಮಾಡಿದ ಆ್ಯಪ್ ಜಗತ್ತಿನಲ್ಲೆಲ್ಲ ಮಾರಾಟಕ್ಕಿದೆ. ಅದು ಏನೆಂದು ಓಣಿಯವರಿಗೆ ಮಾತ್ರ ಹೇಳುವುದಿಲ್ಲ. ನಾನು ಹೋದೊಡನೆ, “ಗ್ವಾಡಿಗೂ ಕಿವಿ ಅದಾವರಿ ಕಾಕಾ, ಕಾಪಿ ಹೊಡಿತಾರ” ಎನ್ನುತ್ತ ಲ್ಯಾಪ್‌ಟಾಪಿಗೆ ಟವೆಲ್ ಹೊದಿಸುತ್ತಾನೆ. ಜಪಾನಿನಿಂದ ಐದು ಸ್ಟಾರ್ ಬಂದರೆ ಅದು ತನ್ನನ್ನು ಉಬ್ಬಿಸಿ ಕೆಡಿಸುವ ಹುನ್ನಾರ. ಬ್ರೆಜಿಲ್‌ನಿಂದ ಒಂದೇ ಸ್ಟಾರ್ ಬಂದರೆ ಎದುರುಮನೆ ಶಾಂತಯ್ಯನ ಕೈವಾಡ. ಆ್ಯಪ್ ಸ್ಟೋರಿನವರು ಹೊಸ ವರ್ಷದ ಶುಭಾಶಯ ಕಳಿಸಿದರೂ, “ಇದರಾಗ ಏನರ ಅಡಗೈತೇನ್ ನೋಡ್ರಿ” ಎಂದು ನನ್ನ ಮುಂದೆ ಫೋನ್ ಹಿಡಿಯುತ್ತಾನೆ. ಆದರೂ ಗಿರಾಕಿಗಳು ದೂರಿದ್ದನ್ನೆಲ್ಲ ಅಂದೇ ತಿದ್ದುತ್ತಾನೆ: ಬಣ್ಣ ಕಣ್ಣಿಗೆ ಹೊಡೆಯುತ್ತದೆಂದರೆ ಬಣ್ಣ, ಅಕ್ಷರ ಸಣ್ಣದೆಂದರೆ ಅಕ್ಷರ. ಮೊನ್ನೆ ನನ್ನ ಮೊಣಕೈ ತಾಗಿ ಟವೆಲ್ಲಿನ ಕೆಳಗೇ ಆ್ಯಪ್ ಶುರುವಾಯಿತು. ಪಟ್ ಪಟ್ ಪಟ್ ಎಂದು ಜೋಳದ ರೊಟ್ಟಿ ಬಡಿಯುವ ಸಪ್ಪಳ, ನಡುವೆ ಹೆಂಗಸೊಬ್ಬಳ ಕೆಮ್ಮು. ಸಿಕ್ಕಿಬಿದ್ದ ಕಳ್ಳನಂತೆ ಒಪ್ಪಿಕೊಂಡ: ಅದು ನಿದ್ದೆ ಬಾರದ ಪರದೇಶದವರು ಕೇಳುತ್ತ ಮಲಗಲೆಂದು ಮಾಡಿದ್ದಂತೆ. ಟವೆಲ್ ಸರಿಸಿ ನೋಡಿದರೆ ಊರೂರಿನವರದೂ ಒಂದೇ ದೂರು: ಆ ಕೆಮ್ಮು ತೆಗೆಯಿರಿ. “ಎಲ್ಲಾ ತಿದ್ದತಿ, ಇದನ್ಯಾಕ ಬಿಟ್ಟಿಯೋ?” ಎಂದೆ. ಅವನು ಟವೆಲ್ ಹೊದಿಸುವುದನ್ನೇ ಮರೆತು ಕೂತ. “ಅವ್ವ ಸಾಯೂಕಿಂತ ಮೊದಲ ಕಡೀಕ ಬಡದ ರೊಟ್ಟಿರಿ ಅವು, ಕಾಕಾ. ಕೆಮ್ಮು ತಗದ್ರ ಬರೇ ರೊಟ್ಟಿ ಉಳೀತಾವು, ಅವ್ವ ಉಳಿಯಂಗಿಲ್ಲ.”